ವೀರನ ಕಣ್ಣೀರು

ಅಳುವ ಹುಡುಗನನ್ನು ಕಂಡರೆ “ಹೆಣ್ಣಿಗನ ಹಾಗೆ ಅಳಬೇಡ” ಎಂದು ಗದರಿಸುವ ರೂಢಿ ನಮ್ಮ ಉಪಾಧ್ಯಾಯವರ್ಗದಿಂದ ಇನ್ನೂ ಹೋಗಿಲ್ಲ. ಈ ಲೇಖಕನೂ ಹಾಗೆ ಗದರಿಸಿದವನೇ. ನೈಜೀರಿಯದ ಇಗ್ಬೊ ಜನಾಂಗದ ಚಿನುವ ಅಚೆಬೆಯವರು 1958ರಲ್ಲಿ ಪ್ರಕಟಿಸಿದ ‘ಥಿಂಗ್ಸ್ ಫಾಲ್ ಅಪಾರ್ಟ್’ ಕಾದಂಬರಿಯನ್ನು ಓದಿದ ಮೇಲೆ ಆ ಮಾತು ನಾಲಗೆಗೆ ಸುಲಭವಾಗಿ ಬರುತ್ತಿಲ್ಲ.

ಕಥಾನಾಯಕ ಒಕೊಂಕ್ವೊ ಕುಸ್ತಿಯಲ್ಲಿ ಗೆದ್ದು ಹೆಸರಾದವನು. ಅವನ ತಂದೆ ಕೊಳಲೂದುತ್ತ ಸಾಲದಲ್ಲಿಯೇ ಬಾಳಿದವನು. ನಿನ್ನ ತಂದೆ ‘ಅಗ್ಬಾಲ’ ಎಂದು ಜೊತೆಯ ಹುಡುಗನೊಬ್ಬನು ಬಾಲ್ಯದಲ್ಲಿ ಹೀಯಾಳಿಸಿದ್ದನು. ಹೆಂಗಸು, ಬಿರುದಿಲ್ಲದ ಗಂಡಸು, ಇಬ್ಬರಿಗೂ ಆ ಒಂದೇ ಶಬ್ದ. ಅದರ ಭಯವೇ ಒಕೊಂಕ್ವೊನ ಪೌರುಷವಾಯಿತು. ತನ್ನನ್ನು ತಂದೆಯೆಂದು ಕರೆಯುತ್ತಿದ್ದ ಇಕೆಮೆಫುನನನ್ನು ಅವನು ಕಡಿದುಹಾಕಿದ್ದೂ ದುರ್ಬಲನೆನಿಸಿಕೊಳ್ಳುವ ಭಯದಿಂದಲೇ.

ಇದನ್ನೇ ಇಗ್ಬೊ ಜನರ ಆದರ್ಶವೆಂದು ತಿಳಿಯುವುದು ಅವಸರದ ಓದು. ಆ ಕೊಲೆಯಲ್ಲಿ ಕೈಯಿಡಬೇಡವೆಂದು ಊರಿನ ಹಿರಿಯ ಎಜೆಯುಡು ಮೊದಲೇ ಹೇಳಿದ್ದನು. ನ್ಡುಲುವೆ ಎಂಬ ಮುದುಕನ ಪ್ರಸಂಗವಂತೂ ಇನ್ನೂ ಸ್ವಾರಸ್ಯವಾದುದು. ಹೆಂಡತಿಗೆ ಹೇಳದೆ ಯಾವ ಕೆಲಸವನ್ನೂ ಮಾಡದ ಈತನು ಯೌವನದಲ್ಲಿ ಯುದ್ಧದ ನಾಯಕನಾಗಿದ್ದನು. ಅವೆರಡೂ ಒಬ್ಬನಲ್ಲಿ ಹೇಗೆ ಕೂಡಿದವೆಂದು ಒಕೊಂಕ್ವೊನಿಗೆ ಅರ್ಥವೇ ಆಗುವುದಿಲ್ಲ.

ಭಾವವನ್ನು ಹೊರಗೆ ತೋರಗೊಡದವನೇ ಗಂಡಸೆಂಬುದು 19ನೆಯ ಶತಮಾನದ ಇಂಗ್ಲಿಷ್ ವಸತಿಶಾಲೆಗಳ ಪಾಠ. ಕಾದಂಬರಿಯ ಜಿಲ್ಲಾಧಿಕಾರಿ ಅದರ ಪಡಿಯಚ್ಚು. ಒಕೊಂಕ್ವೊ ನೇಣುಹಾಕಿಕೊಂಡುದನ್ನು ಕಂಡು ಹಿಂದಿರುಗುವಾಗ, ತನ್ನ ಪುಸ್ತಕದಲ್ಲಿ ಇವನಿಗೆ ಎಷ್ಟು ಸಾಲು ಕೊಡಬಹುದೆಂದು ಅವನು ಎಣಿಸುತ್ತಾನೆ. ಆದರೆ ಪಶ್ಚಿಮವೆಲ್ಲ ಹೀಗೆಯೇ ಎನ್ನುವಂತಿಲ್ಲ. ಹೋಮರನ ಅಕಿಲೀಸನು ಗೆಳೆಯನಿಗಾಗಿ ಮಣ್ಣಿನಲ್ಲಿ ಹೊರಳಿ ಅತ್ತವನು.

ನಮಗೆ ಅಷ್ಟು ದೂರ ಹೋಗುವ ಅಗತ್ಯವೂ ಇಲ್ಲ. ಉಮರ್ಗಾ, ನಿಲಂಗಾ, ಉದಗೀರಗಳಿಗೆ ಕಲ್ಯಾಣ ನೆರೆಯೂರು. ಅದನ್ನು ಮುಂದೆ ರಾಜಧಾನಿ ಮಾಡಿಕೊಂಡ ಚಾಲುಕ್ಯ ವಂಶದ ಸತ್ಯಾಶ್ರಯನ ಆಶ್ರಯದಲ್ಲಿ ರನ್ನನು ‘ಗದಾಯುದ್ಧ’ವನ್ನು ರಚಿಸಿದನು. ಅಲ್ಲಿ ರಣಾಂಗಣದಲ್ಲಿ ನಡೆಯುವ ದುರ್ಯೋಧನನು ತಮ್ಮನ ಹೆಣ, ಮಗನ ಹೆಣ, ಕರ್ಣನ ಹೆಣ ಕಂಡು ಒಂದೊಂದರ ಮುಂದೆಯೂ ಮರುಗುತ್ತಾನೆ. ಶತ್ರುವಿನ ಮಗ ಅಭಿಮನ್ಯುವನ್ನು ಕಂಡಾಗ ಮನಸಾರೆ ಹೊಗಳುತ್ತಾನೆ. ಇಷ್ಟಾದರೂ ಅವನ ಛಲ ಎಳ್ಳಷ್ಟೂ ಕುಂದುವುದಿಲ್ಲ. ಅತ್ತವನೇ ಗದೆಯೆತ್ತಿ ಭೀಮನೆದುರು ನಿಲ್ಲುತ್ತಾನೆ. ಅತ್ತುದಕ್ಕಾಗಿ ರನ್ನನು ಅವನನ್ನು ಕಿರಿದುಮಾಡಿಲ್ಲ.

ಒಕೊಂಕ್ವೊನಿಗೆ ಆ ಬಿಡುಗಡೆಯಿರಲಿಲ್ಲ. ಹುಡುಗ ಸತ್ತ ಮೇಲೆ ಎರಡು ದಿನ ಊಟ ಮುಟ್ಟದೆ ಹೆಂಡ ಕುಡಿಯುತ್ತ ಕುಳಿತವನು, ತಾನು ಯಾವಾಗ ಮುದುಕಿಯಾದೆನೆಂದು ತನ್ನನ್ನೇ ಹಳಿದುಕೊಳ್ಳುತ್ತಾನೆ.