‘ಮೀಡಿಯಂ’ ಎಂಬ ನಡುಗೋಡೆ

ನಮ್ಮ ಮನ್ನಳ್ಳಿಯ ಕಡೆ ಶಾಲೆಗೆ ಹೋಗುವ ಮಗು ಸಿಕ್ಕರೆ, ಹೆಸರು ಕೇಳಿದ ಮೇಲೆ ಹಿರಿಯರು ಕೇಳುವ ಮಾತು: ‘ಯಾವ ಮೀಡಿಯಂ?’ ಕನ್ನಡವೋ, ಉರ್ದುವೋ, ಮರಾಠಿಯೋ, ಇಂಗ್ಲಿಷೋ ಎಂಬುದು ತಿಳಿದೊಡನೆ ಮಗುವಿನ ಧರ್ಮ, ಅಪ್ಪನ ಕಿಸೆಯ ತೂಕ ಎಲ್ಲವನ್ನೂ ನಾವು ಲೆಕ್ಕ ಹಾಕಿಬಿಡುತ್ತೇವೆ. ಅಂಗಿಯ ಅಳತೆ ಹೇಳುವ ಈ ಪದ ಮನುಷ್ಯರನ್ನು ಅಳೆಯುವ ಕೋಲಾದದ್ದು ಹೇಗೆ?

ಲ್ಯಾಟಿನ್ ಮೂಲದ ಈ ಪದಕ್ಕೆ ‘ನಡುವೆ ಇರುವುದು’ ಎಂದರ್ಥ. ಪತ್ರಿಕೆ, ಟಿ.ವಿ.ಗಳನ್ನು ಸೂಚಿಸುವ ‘ಮೀಡಿಯಾ’ ಇದರದೇ ಬಹುವಚನ. ಸಂಸ್ಕೃತದ ‘ಮಧ್ಯ’ವೂ ಅದೇ ಬೇರಿನದಾದ್ದರಿಂದ ನಮ್ಮ ‘ಮಾಧ್ಯಮ’ ಇದಕ್ಕೆ ದೂರದ ನೆಂಟ. ಉರ್ದುವಿನಲ್ಲಿ ‘ಜರಿಯಾ-ಎ-ತಾಲೀಮ್’ ಎನ್ನುತ್ತಾರೆ. ‘ಜರಿಯಾ’ ಎಂದರೆ ಸಾಧನ. ಮೂರು ಪದಗಳಲ್ಲೂ ದಾಟಿಸುವ ಸೇತುವೆಯ ಗುಣವಿದೆ.

ಸೇತುವೆ ಗೋಡೆಯಾದದ್ದರ ಹಿಂದೆ ಈ ನೆಲದ ಚರಿತ್ರೆಯಿದೆ. ನಿಜಾಮರ ಕಾಲದಲ್ಲಿ ಬೀದರದ ಆಡಳಿತ ಭಾಷೆ ಉರ್ದು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯ ವೈದ್ಯಶಾಸ್ತ್ರವನ್ನೂ ಉರ್ದುವಿನಲ್ಲೇ ಕಲಿಸಿ, ದೇಶಭಾಷೆಯಲ್ಲಿ ಉನ್ನತ ಶಿಕ್ಷಣ ಸಾಧ್ಯವೆಂದು ತೋರಿಸಿತು. ಆದರೆ ಮನೆಯಲ್ಲಿ ಕನ್ನಡ, ಮರಾಠಿ, ತೆಲುಗು ಆಡುವ ಮಕ್ಕಳಿಗೆ ಅದೇ ಉರ್ದು ಹೊರೆಯೂ ಆಯಿತು. 1948ರ ಪೊಲೀಸ್ ಕಾರ್ಯಾಚರಣೆ, 1956ರ ಏಕೀಕರಣದ ನಂತರ ತಕ್ಕಡಿ ಇನ್ನೊಂದೆಡೆ ವಾಲಿತು. ಒಂದು ಕಾಲಕ್ಕೆ ಎಲ್ಲ ಜಾತಿಯವರೂ ಓದಿದ್ದ ಭಾಷೆ ‘ಮುಸ್ಲಿಮರ ಮೀಡಿಯಂ’ ಆಗಿ ಉಳಿಯಿತು.

ಸಾಹಿತ್ಯ ಮಾತ್ರ ಈ ಗೋಡೆಯನ್ನು ಒಪ್ಪಲಿಲ್ಲ. ಸೊಲ್ಲಾಪುರದಲ್ಲಿ ಮರಾಠಿ ಕಲಿತ ಜಯದೇವಿತಾಯಿ ಲಿಗಾಡೆ ತ್ರಿಪದಿಯಲ್ಲಿ ಸಿದ್ಧರಾಮನ ಪುರಾಣ ಬರೆದು, 1974ರ ಮಂಡ್ಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ರಾಯಚೂರಿನ ಶಾಂತರಸರು ಉರ್ದು ಗಜಲನ್ನು ಕನ್ನಡಕ್ಕೆ ಒಗ್ಗಿಸಿದರು. ಮನೆಯಲ್ಲಿ ಉರ್ದು, ಶಾಲೆಯಲ್ಲಿ ಕನ್ನಡ ಕಲಿತ ಬಾನು ಮುಷ್ತಾಕ್ ಅವರ ಕನ್ನಡ ಕತೆಗಳು ದೀಪಾ ಭಾಸ್ತಿಯವರ ಅನುವಾದದಲ್ಲಿ 2025ರ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದವು.

ಪ್ರಾಥಮಿಕ ಹಂತದಲ್ಲಿ ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ ಎಂದು 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಬಡವರ ಮಗು ಇಂಗ್ಲಿಷಿಗೆ ಹೋಗುವುದನ್ನು ಅಡ್ಡಗಟ್ಟುವ ಹಕ್ಕು ನಮಗೂ ಇಲ್ಲ. ನಮ್ಮ ತಕರಾರು ಬೇರೆ. ಉರ್ದು ಶಾಲೆಯ ಹುಡುಗ ಕನ್ನಡದಲ್ಲಿ ಅರ್ಜಿ ಬರೆಯಲು ತಡವರಿಸುತ್ತಾನೆ. ಕನ್ನಡ ಶಾಲೆಗೆ ಹೋದ ಮುಸ್ಲಿಂ ಹುಡುಗಿಗೆ ಅಜ್ಜಿ ಉರ್ದುವಿನಲ್ಲಿ ಬರೆದಿಟ್ಟ ಕಾಗದ ಓದಲು ಬರುವುದಿಲ್ಲ. ಒಂದು ಮೀಡಿಯಂ ಆರಿಸಿದವರು ಉಳಿದ ಭಾಷೆಗಳನ್ನೆಲ್ಲ ಕೈಬಿಡಬೇಕೆಂಬ ಕಟ್ಟಳೆಯನ್ನು ಯಾವ ನ್ಯಾಯಾಲಯವೂ ಮಾಡಿಲ್ಲ, ಮಾಡಿಕೊಂಡವರು ನಾವೇ. ಶಾಲೆಯ ಬೋರ್ಡಿನ ಮೇಲೆ ಒಂದು ಭಾಷೆ ಇರಲಿ. ಮಗುವಿನ ನಾಲಿಗೆಯ ಮೇಲೆ ನಾಲ್ಕಿದ್ದರೆ ನಷ್ಟ ಯಾರಿಗೆ?