ಬಗ್ ಬರೆದವನೇ ಟಿಕೆಟ್ ಕ್ಲೋಸ್ ಮಾಡಿದ

ಎಂದೋ ತೀರಿಸಿದ ಬೈಕ್ ಸಾಲ ನನ್ನ ಕ್ರೆಡಿಟ್ ರಿಪೋರ್ಟಿನಲ್ಲಿ ಇನ್ನೂ 'ಬಾಕಿ' ಅಂತಲೇ ಇತ್ತು. ಮನೆ ಸಾಲದ ಅರ್ಜಿ ಅದರಿಂದಲೇ ನಿಂತಿತು. ಬ್ಯಾಂಕು ಕೊಟ್ಟ ಎನ್‌ಒಸಿ ಲಗತ್ತಿಸಿ ಡಿಸ್ಪ್ಯೂಟ್ ಹಾಕಿದೆ. 28ನೇ ದಿನ ಉತ್ತರ: 'ಬ್ಯಾಂಕು ದೃಢಪಡಿಸಿದೆ, ಬದಲಾವಣೆ ಇಲ್ಲ.'

ತನಿಖೆ ಅಂದರೆ ಇಷ್ಟೇ ಕಣ್ರೀ. ಬ್ಯೂರೋ ತಾನಾಗಿ ಏನನ್ನೂ ತಿದ್ದುವಂತಿಲ್ಲ. ದೂರನ್ನು ಸಾಲ ಕೊಟ್ಟವರಿಗೇ ದಾಟಿಸುತ್ತದೆ. ಅವರು ಅದೇ ತಪ್ಪು ಎಂಟ್ರಿ ನೋಡಿ 'ಸರಿ ಇದೆ' ಅಂದರೆ ಮುಗೀತು. ನಮ್ಮೂರಲ್ಲಿ ಬದುವಿನ ತಕರಾರು ಬಂದರೆ ಸರ್ವೇಯರ್ ಹೊಲಕ್ಕಾದರೂ ಇಳೀತಾನೆ, ಪಕ್ಕದ ಹೊಲದವರನ್ನೂ ಕರೆಸ್ತಾನೆ.

ರಿಸರ್ವ್ ಬ್ಯಾಂಕಿನ ನಿಯಮ ಇದೆ, ಒಳ್ಳೇದೇ. 2024ರ ಏಪ್ರಿಲ್‌ನಿಂದ, 30 ದಿನದೊಳಗೆ ದೂರು ಇತ್ಯರ್ಥ ಆಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ. ಅದರಲ್ಲಿ ಬ್ಯಾಂಕಿಗೆ 21 ದಿನ, ಉಳಿದದ್ದು ಬ್ಯೂರೋಗೆ. ಆದರೆ ಈ ಮೀಟರ್ ಓಡೋದು ತಡಕ್ಕೆ. ಕಾಗದ ಬಿಚ್ಚದೆ 28ನೇ ದಿನ 'ಇಲ್ಲ' ಅಂದುಬಿಟ್ಟರೆ, ಅವರ ಲೆಕ್ಕದಲ್ಲಿ ಅದೂ ಇತ್ಯರ್ಥವೇ. ತಿರಸ್ಕರಿಸಿದರೆ ಕಾರಣ ಕೊಡಬೇಕು ಅಂತಲೂ ನಿಯಮದಲ್ಲಿದೆ. 'ಬ್ಯಾಂಕು ದೃಢಪಡಿಸಿದೆ' ಅನ್ನೋದು ಯಾವ ಸೀಮೆ ಕಾರಣ?

ಅದೇ ಎನ್‌ಒಸಿ ಮತ್ತೆ ಲಗತ್ತಿಸಿ ಬ್ಯಾಂಕಿನ ನೋಡಲ್ ಅಧಿಕಾರಿಗೆ ಬರೆದಿದ್ದೇನೆ. ಹೋದ ಸಲ ಅದನ್ನ ಓಪನ್ ಮಾಡಿ ನೋಡಿದವರು ಯಾರು ಅಂತಲೂ ಕೇಳಿದ್ದೇನೆ.