ಬೆಳ್ಳಿ ಮೋಡಕ್ಕೆ ಯಾವ ಕಪಾಟು?

ತ್ರಿವೇಣಿಯವರನ್ನು ಹಳಿಯುವವರ ಮೇಲೆ ನನಗೀಗ ಸಿಟ್ಟಿಲ್ಲ. ಅವರ ಪರ ವಾದಿಸುವವರದೇ ತಲೆನೋವು. 'ಓದಲೇಬೇಕಾದ ಕನ್ನಡ ಕಾದಂಬರಿಗಳು' ಎಂಬ ಪಟ್ಟಿಯೊಂದು ಆಗಾಗ ಎಲ್ಲಿಂದಲೋ ಬಂದು ಬೀಳುತ್ತದೆ: ಕಾಲೇಜಿನ ಕನ್ನಡ ವಿಭಾಗದಿಂದ, ಪುಸ್ತಕ ಮೇಳದ ಕರಪತ್ರದಿಂದ, ರಾಜ್ಯೋತ್ಸವದ ಪುರವಣಿಯಿಂದ. 'ಸಂಸ್ಕಾರ', 'ಮಲೆಗಳಲ್ಲಿ ಮದುಮಗಳು', 'ಮೂಕಜ್ಜಿಯ ಕನಸುಗಳು', 'ಪರ್ವ', 'ಕರ್ವಾಲೊ' ಎಂದು ಸಾಲು ಸಾಗಿ, ಕೊನೆಯಲ್ಲೆಲ್ಲೋ 'ಶರಪಂಜರ' ಸಿಕ್ಕುತ್ತದೆ. ಅದರ ಮಗ್ಗುಲಲ್ಲಿ ಮಾತ್ರ ಒಂದು ವಿವರಣೆ ಇರುತ್ತದೆ: ಇದನ್ನು ಪ್ರೇಮಕಾದಂಬರಿ ಎಂದುಕೊಳ್ಳಬೇಡಿ, ಮನೋವೈಜ್ಞಾನಿಕ ಕೃತಿ. ಪ್ರೇಮಕಥೆ ಬರೆದ ಅಪರಾಧಕ್ಕೆ ಮನಶ್ಶಾಸ್ತ್ರದ ಜಾಮೀನು ಕೊಟ್ಟು ಲೇಖಕಿಯನ್ನು ಠಾಣೆಯಿಂದ ಬಿಡಿಸಿಕೊಂಡು ಬಂದ ಹಾಗೆ. ಇದನ್ನು ಓದಿದಾಗಲೆಲ್ಲ ನನಗೆ ಮೈ ಉರಿಯುತ್ತದೆ.

ತ್ರಿವೇಣಿ ಪ್ರೇಮಕಥೆಗಾರ್ತಿ. ಕನ್ನಡದ ಅತ್ಯುತ್ತಮ ಪ್ರೇಮಕಥೆಗಾರ್ತಿ. ಪಟ್ಟಿಯಲ್ಲಿ ಅವರು ಇರಬೇಕಾದದ್ದು ಆ ಕಾರಣಕ್ಕೇ, ಅದನ್ನು ಮುಚ್ಚಿಟ್ಟು ಅಲ್ಲ.

ಅವರು ಮೈಸೂರಿನಲ್ಲಿ ಮನಶ್ಶಾಸ್ತ್ರ ಓದಿದ್ದು ನಿಜ. 'ಶರಪಂಜರ'ದ ಕಾವೇರಿಗೆ ಬಾಣಂತಿತನದಲ್ಲಿ ಬುದ್ಧಿ ಕದಡುವುದು, ಗುಣವಾಗಿ ಮನೆಗೆ ಬಂದ ಮೇಲೂ ಸುತ್ತಲಿನವರು ಅವಳನ್ನು ಹುಚ್ಚಿಯೆಂದೇ ಕಾಣುವುದು, ಇದೆಲ್ಲ ಆ ಓದಿಲ್ಲದೆ ಬರೆಯುವುದು ಕಷ್ಟ. ಆದರೆ ಕಾವೇರಿ ಕೊನೆಗೆ ಕುಸಿಯುವುದು ಯಾತರಿಂದ? ಗಂಡನ ಮನಸ್ಸು ತನ್ನಿಂದ ದೂರ ಸರಿದಿದೆ ಎಂಬ ಅರಿವಿನಿಂದ. ಆಸ್ಪತ್ರೆಯ ಕೇಸ್ ಶೀಟಿನಲ್ಲಿ ಬರೆಯಲು ಬರುವ ಕಾರಣವಲ್ಲ ಅದು. ಕಾಯಿಲೆಯನ್ನು ಕಥೆಯೆಂದು, ಪ್ರೀತಿಯನ್ನು ಅದಕ್ಕೆ ಅಂಟಿದ ಬಣ್ಣವೆಂದು ಓದುವ ವಿಮರ್ಶಕರು ಪುಸ್ತಕವನ್ನು ತಲೆಕೆಳಗಾಗಿ ಹಿಡಿದಿದ್ದಾರೆ.

ತ್ರಿವೇಣಿ ಬಿ.ಎಂ.ಶ್ರೀಯವರ ಮನೆತನದವರು. ಆ ಹಿರಿಯರು 'ಇಂಗ್ಲಿಷ್ ಗೀತಗಳು' ಮೂಲಕ ಪ್ರೇಮಗೀತೆಯನ್ನು ಕನ್ನಡಕ್ಕೆ ತಂದರು. ಓಡಿಹೋಗುವ ಜೋಡಿಯೊಂದು ನೀರುಪಾಲಾಗುವ 'ಕಾರಿಹೆಗ್ಗಡೆಯ ಮಗಳು' ಪದ್ಯವನ್ನು ಶಾಲೆಯ ಮಕ್ಕಳು ರಾಗವಾಗಿ ಹಾಡಿಕೊಂಡು ಬೆಳೆದರು. ಅದಕ್ಕಾಗಿ ಅವರು ನವೋದಯದ ಆಚಾರ್ಯಪುರುಷರಾದರು. ಅದೇ ಮನೆಯ ಹೆಣ್ಣುಮಗಳು ಗದ್ಯದಲ್ಲಿ ಅದೇ ವಸ್ತುವನ್ನು ಎತ್ತಿಕೊಂಡಾಗ ಅದು 'ಅಡುಗೆಮನೆ ಸಾಹಿತ್ಯ'ವಾಯಿತು.

ವಿಂಗಡಣೆಯ ಕೆಲಸದಲ್ಲಿ ನನಗೆ ಹೆಚ್ಚು ಭರವಸೆ ಇರುವುದು ವಿಮರ್ಶಕರಿಗಿಂತ ಗ್ರಂಥಪಾಲಕರ ಮೇಲೆ. ಡ್ಯೂಯಿ ಪದ್ಧತಿಯ ಗ್ರಂಥಾಲಯದಲ್ಲಿ ಕನ್ನಡ ಸಾಹಿತ್ಯಕ್ಕೆ 894.814 ಎಂಬ ಸಂಖ್ಯೆ. ಅದರೊಳಗೆ ಕಾದಂಬರಿಗೆ ಇನ್ನೊಂದು ಅಂಕಿ ಸೇರುತ್ತದೆ, ಆಮೇಲೆ ಲೇಖಕರ ಹೆಸರು. ಗಂಭೀರ, ಜನಪ್ರಿಯ, ಮಹಿಳಾ ಎಂಬ ಗೋಡೆಗಳು ಅಲ್ಲಿಲ್ಲ. ಬೆಂಗಳೂರಿನಲ್ಲೇ ಕೊನೆಯ ದಿನಗಳನ್ನು ಕಳೆದ ಎಸ್.ಆರ್. ರಂಗನಾಥನ್ 1931ರಲ್ಲೇ ಪ್ರತಿ ಓದುಗನಿಗೂ ಅವನ ಪುಸ್ತಕ, ಪ್ರತಿ ಪುಸ್ತಕಕ್ಕೂ ಅದರ ಓದುಗ ಎಂದು ಸೂತ್ರ ಹಾಕಿಕೊಟ್ಟರು. ಗೋಡೆ ಎಬ್ಬಿಸಿದವರು ನಾವು, ಅಧ್ಯಾಪಕರು ಮತ್ತು ಪುರವಣಿಗಳಿಗೆ ಬರೆಯುವವರು.

ಈ ಗೋಡೆಗೆ ಒಂದೇ ಒಂದು ನಿಯಮ ಇದ್ದಂತಿದೆ. ಗಂಡಸು ಬರೆದರೆ ಪ್ರೇಮಕ್ಕೆ ಬೇರೆ ಹೆಸರು ಸಿಕ್ಕುತ್ತದೆ. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಏನು? ಗುತ್ತಿ-ತಿಮ್ಮಿ, ಐತ-ಪೀಂಚಲು, ಮುಕುಂದಯ್ಯ-ಚಿನ್ನಮ್ಮ. ಒಲ್ಲದ ಮದುವೆಯಿಂದ ತಪ್ಪಿಸಿಕೊಂಡು ಕಾಡುಪಾಲಾಗುವ ಹುಡುಗಿ. ಇಷ್ಟು ಜೋಡಿಗಳನ್ನು ಇಷ್ಟು ಅಕ್ಕರೆಯಿಂದ ಕಾದ ಕಾದಂಬರಿ ಕನ್ನಡದಲ್ಲಿ ಇನ್ನೊಂದಿಲ್ಲ. ನಾವು ಅದನ್ನು ಮಹಾಕಾದಂಬರಿ ಎನ್ನುತ್ತೇವೆ, ಸರಿಯಾಗಿಯೇ ಎನ್ನುತ್ತೇವೆ. ಭೈರಪ್ಪನವರ 1965ರ 'ವಂಶವೃಕ್ಷ'ದಲ್ಲಿ ವಿಧವೆ ಕಾತ್ಯಾಯಿನಿ ಮತ್ತು ರಾಜ, ಸದಾಶಿವರಾಯ ಮತ್ತು ಕರುಣರತ್ನೆ, ಹೀಗೆ ಎರಡು ಪ್ರೇಮಕಥೆಗಳಿವೆ. ಅದಕ್ಕಿಟ್ಟ ಹೆಸರು ಪರಂಪರೆ ಮತ್ತು ಆಧುನಿಕತೆಯ ಸಂಘರ್ಷ. 1961ರ 'ಮುಕ್ತಿ'ಯಲ್ಲಿ ಶಾಂತಿನಾಥ ದೇಸಾಯಿಯವರ ಗೌರೀಶ ಪ್ರೇಮದಲ್ಲಿ ಕುದಿಯುತ್ತಾನೆ. ಅದು ವ್ಯಕ್ತಿತ್ವದ ಶೋಧ. ತ್ರಿವೇಣಿಯವರದೂ ಒಂದು 'ಮುಕ್ತಿ' ಇದೆ. ಯಾವ 'ಮುಕ್ತಿ' ಪಠ್ಯವಾಗುತ್ತದೆ, ಯಾವುದು ಸರ್ಕ್ಯುಲೇಟಿಂಗ್ ಲೈಬ್ರರಿಯಲ್ಲಿ ರಟ್ಟು ಕಿತ್ತು ಸವೆಯುತ್ತದೆ ಎಂದು ಬೇರೆ ಹೇಳಬೇಕೆ?

ಈಗ 'ಬೆಳ್ಳಿ ಮೋಡ'ಕ್ಕೆ ಬರುತ್ತೇನೆ. ನಾನು ಪಟ್ಟಿ ಮಾಡಿದರೆ ಮೊದಲ ಸ್ಥಾನ ಅದಕ್ಕೇ, 'ಶರಪಂಜರ'ಕ್ಕಲ್ಲ.

ಕಥೆ ಎಲ್ಲರಿಗೂ ಗೊತ್ತು. ಸದಾಶಿವರಾಯರ ಒಬ್ಬಳೇ ಮಗಳು ಇಂದಿರಾ. ಆಕೆಗೆಂದು ಗೊತ್ತಾದ ಮೋಹನ ಭಾವೀ ಮಾವನ ದುಡ್ಡಿನಲ್ಲಿ ಅಮೆರಿಕಕ್ಕೆ ಓದಲು ಹೋಗುತ್ತಾನೆ. ಅಷ್ಟರಲ್ಲಿ ಇಂದಿರೆಗೊಬ್ಬ ತಮ್ಮ ಹುಟ್ಟುತ್ತಾನೆ. ಆಸ್ತಿಗೆ ವಾರಸುದಾರ ಬಂದ, ಹುಡುಗಿ ಬರಿಗೈಯವಳಾದಳು. ಮರಳಿ ಬಂದ ಮೋಹನ ಮದುವೆ ಬೇಡವೆನ್ನುತ್ತಾನೆ. ಮುಂದೆ ಅವನು ಅಪಘಾತದಲ್ಲಿ ಕಾಲು ಮುರಿದುಕೊಂಡು ಅದೇ ಮನೆಯಲ್ಲಿ ಮಲಗುತ್ತಾನೆ, ಅವಳೇ ಆರೈಕೆ ಮಾಡುತ್ತಾಳೆ. ಅವನ ಮನಸ್ಸು ತಿರುಗುತ್ತದೆ. ಅವಳದು ತಿರುಗುವುದಿಲ್ಲ.

ಇದರಲ್ಲಿ ಖಳನಾಯಕ ಎಲ್ಲಿ? ಮೋಹನ ಕುಡುಕನಲ್ಲ, ಅಮೆರಿಕದಿಂದ ಮೇಮನ್ನು ಕಟ್ಟಿಕೊಂಡು ಬಂದವನಲ್ಲ. ಅವನು ಲೆಕ್ಕ ಹಾಕಿದ, ಅಷ್ಟೇ. ಅವನ ಲೆಕ್ಕ ನಮ್ಮ ಮನೆಗಳಲ್ಲಿ ಗಂಡು ನೋಡುವಾಗ ಹಿರಿಯರು ಜಗುಲಿಯ ಮೇಲೆ ಕೂತು ಹಾಕುವ ಲೆಕ್ಕವೇ. ತ್ರಿವೇಣಿಯವರ ಗಟ್ಟಿತನ ಇರುವುದು ಇಲ್ಲಿ. ಪ್ರೀತಿಯನ್ನು ಆಸ್ತಿಪತ್ರದ ಪಕ್ಕದಲ್ಲಿಟ್ಟು, ಯಾರ ಮೇಲೂ ಕೂಗಾಡದೆ, ಅಂಕಿ ಬದಲಾದ ಕೂಡಲೇ ಭಾವನೆ ಹೇಗೆ ಬದಲಾಗುತ್ತದೆಂದು ತೋರಿಸುತ್ತಾರೆ. ತ್ರಿವೇಣಿ ಬರೆಯುತ್ತಿದ್ದ ದಶಕದಲ್ಲೇ, 1956ರಲ್ಲಿ, ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದು ತಂದೆಯ ಸ್ವಯಾರ್ಜಿತದಲ್ಲಿ ಮಗಳಿಗೂ ಪಾಲು ಸಿಕ್ಕಿತ್ತು. ಆದರೂ ಮಗ ಹುಟ್ಟಿದರೆ ಮಗಳದು ಮುಗಿಯಿತೆಂದು ಮೋಹನನಿಗೆ ಗೊತ್ತು, ಓದುಗರಿಗೂ ಗೊತ್ತು. ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಕೊಡುವ ತಿದ್ದುಪಡಿ ಕರ್ನಾಟಕದಲ್ಲಿ ಜಾರಿಗೆ ಬಂದದ್ದು 1994ರಲ್ಲಿ, ಅದೂ ಅಷ್ಟರೊಳಗೆ ಮದುವೆಯಾದ ಹೆಣ್ಣುಮಕ್ಕಳನ್ನು ಬಿಟ್ಟು. ಇಂದಿರೆ ಮದುವೆಯಾಗದೆ ಉಳಿದದ್ದಕ್ಕೆ ಕಾನೂನು ಇಷ್ಟು ತಡವಾಗಿ ಬಹುಮಾನ ಕೊಟ್ಟಿತು ಎಂದು ತ್ರಿವೇಣಿ ಇದ್ದಿದ್ದರೆ ನಕ್ಕಿರುತ್ತಿದ್ದರು. ನಮ್ಮ ಸಾಮಾಜಿಕ ವಾಸ್ತವವಾದಿಗಳು ಗೇಣಿ, ಸಾಲ, ಹೊಲದ ಬಗ್ಗೆ ಬರೆದದ್ದನ್ನು ಆರ್ಥಿಕ ವಿಶ್ಲೇಷಣೆ ಎಂದು ಹೊಗಳುವವರಿಗೆ ಇದು ಆರ್ಥಿಕತೆಯೆಂದು ಹೊಳೆಯುವುದೇ ಇಲ್ಲ, ಏಕೆಂದರೆ ಇಲ್ಲಿ ಕೈಬದಲಾಗುವ ಜಮೀನಿನ ಜೊತೆಗೆ ಒಬ್ಬ ಹುಡುಗಿ ಇದ್ದಾಳೆ.

ಕೊನೆಯ ನಿರಾಕರಣೆಯ ಮಾತು ಇನ್ನೂ ಉಳಿದಿದೆ. ಇಂದಿರೆಗೆ ಬದಲಿ ನಾಯಕನನ್ನು ತ್ರಿವೇಣಿ ಒದಗಿಸುವುದಿಲ್ಲ. ಅವಳ ಆರೈಕೆ ಕ್ಷಮೆಯಾಗಿ, ಕ್ಷಮೆ ಮದುವೆಯಾಗಿ ಮುಗಿಯಲಿ ಎಂದು ಕಥೆಯ ಓಟವೇ ತಳ್ಳುತ್ತಿರುತ್ತದೆ, ಓದುಗರೂ ತಳ್ಳುತ್ತಾರೆ. ಅವಳು ಒಪ್ಪುವುದಿಲ್ಲ. ಸೇವೆ ಮಾಡಿದ್ದಕ್ಕೆ ಪ್ರೀತಿ ಸಂಬಳವಾಗಿ ಸಿಕ್ಕುವುದು ಅವಳಿಗೆ ಬೇಡ. ನವ್ಯದ ಎಷ್ಟು ನಾಯಕರು ಎಷ್ಟು ಪುಟ ಚಡಪಡಿಸಿಯೂ ತಲುಪದ ತೀರ್ಮಾನ ಇದು.

ಅಪಘಾತ ತೀರಾ ಅನುಕೂಲಕ್ಕೆ ಬಂತಲ್ಲ ಎಂದು ಕೇಳುವಿರಿ. ಹೌದು, ಅನುಕೂಲಕ್ಕೇ ಬಂತು. ಬೇರೆ ಯಾರಾದರೂ ಮುಖ್ಯ ಪಾತ್ರದ ಕಾಲು ಹೀಗೆ ಮುರಿದಿದ್ದರೆ ನಾನು ಒಂದು ಪುಟ ತುಂಬ ಬೈಯುತ್ತಿದ್ದೆ. ತ್ರಿವೇಣಿಯವರಿಗೆ ಆ ಅಳತೆಗೋಲು ಹಿಡಿಯಲು ನನಗೆ ಮನಸ್ಸಿಲ್ಲ. 1953ರ 'ಅಪಸ್ವರ'ದಿಂದ 1963ರಲ್ಲಿ ತೀರಿಕೊಳ್ಳುವವರೆಗೆ ಹತ್ತು ವರ್ಷ, ವಯಸ್ಸು ಮೂವತ್ತೈದು ತುಂಬಿರಲಿಲ್ಲ, ಇಪ್ಪತ್ತರಷ್ಟು ಕಾದಂಬರಿಗಳು. ಆ ಅವಸರದಲ್ಲಿ ಒಂದು ಕಾಲು ಮುರಿದರೆ ಮುರಿಯಲಿ.

ಸಿನಿಮಾಕ್ಕಾಗಿ ಬರೆದವರು ಎಂಬ ಇನ್ನೊಂದು ಆಪಾದನೆಗೆ ತಾರೀಖುಗಳೇ ಉತ್ತರ. 'ಬೆಕ್ಕಿನ ಕಣ್ಣು' ಮಲಯಾಳದಲ್ಲಿ 'ಪೂಚ್ಚಕ್ಕಣ್ಣಿ' ಆದದ್ದು 1966ರಲ್ಲಿ; ನಿರ್ದೇಶಕ ಪುಟ್ಟಣ್ಣನವರ 'ಬೆಳ್ಳಿ ಮೋಡ' 1967; 'ಹಣ್ಣೆಲೆ ಚಿಗುರಿದಾಗ' 1968; 'ಶರಪಂಜರ' 1971. ಒಂದನ್ನೂ ಅವರು ನೋಡಲಿಲ್ಲ. ನಟಿ ಕಲ್ಪನಾ ಅವರ ಕಣ್ಣೀರನ್ನು ತ್ರಿವೇಣಿಯವರ ಖಾತೆಗೆ ಬರೆಯುವುದು ನಿಲ್ಲಲಿ.

ಹಾಗಾದರೆ ಪ್ರೇಮಕಾದಂಬರಿಗಳನ್ನು ಹೇಗೆ ವಿಂಗಡಿಸಬೇಕು? ಇಂಗ್ಲಿಷಿನ ಮಿಲ್ಸ್ ಅಂಡ್ ಬೂನ್ ಅಳತೆ ನಮಗೆ ಒಗ್ಗದು. ಅಲ್ಲಿ ಜೋಡಿ ಕೊನೆಯ ಪುಟದಲ್ಲಿ ಸೇರಲೇಬೇಕು, ಓದುಗರು ದುಡ್ಡು ಕೊಟ್ಟಿರುವುದೇ ಅದಕ್ಕೆ. ಕನ್ನಡದಲ್ಲಿ ನೋಡಬೇಕಾದದ್ದು ಮದುವೆ ಕಥೆಯ ಯಾವ ಜಾಗದಲ್ಲಿ ಕೂತಿದೆ ಎಂದು. ವಾಣಿಯವರ 'ಎರಡು ಕನಸು' ತರಹದವುಗಳಲ್ಲಿ ತಾಳಿ ಮೊದಲು, ಪ್ರೀತಿ ಆಮೇಲೆ. ಉಷಾ ನವರತ್ನರಾಂ ಅವರ 'ಬಂಧನ'ದಲ್ಲಿ ಪ್ರೀತಿ ಒಬ್ಬನದು, ಮದುವೆ ಇನ್ನೊಬ್ಬನ ಜೊತೆ. 'ವಂಶವೃಕ್ಷ'ದಲ್ಲಿ ಕಾತ್ಯಾಯಿನಿಗೆ ಎರಡು ಮದುವೆ, ಎರಡನೆಯದೇ ಕಥೆಯ ನಡುವಿನ ಗಾಯ. ಚಿನ್ನಮ್ಮನದು ಅಡ್ಡ ನಿಂತ ಮದುವೆ. ಇಂದಿರೆಯದು ಆಗದೇ ಹೋದ ಮದುವೆ. ಎಂ.ಕೆ. ಇಂದಿರಾ ಅವರ 'ಫಣಿಯಮ್ಮ'ನಿಗೆ ಮದುವೆಯೂ ವೈಧವ್ಯವೂ ಬುದ್ಧಿ ಬಲಿಯುವ ಮುಂಚೆಯೇ ಮುಗಿದುಹೋಗಿವೆ. ಪ್ರೇಮಕ್ಕೆ ಬಾಗಿಲೇ ಇಲ್ಲದ ಆ ಬದುಕನ್ನು ಈ ಸಾಲಿನ ತುದಿಯಲ್ಲಿಟ್ಟಾಗ ಅದರ ಕ್ರೌರ್ಯ ಇನ್ನಷ್ಟು ಕಾಣುತ್ತದೆ. ಹೀಗೆ ಜೋಡಿಸಿದರೆ ಕುವೆಂಪು, ಭೈರಪ್ಪ, ವಾಣಿ ಒಂದೇ ಕಪಾಟಿನಲ್ಲಿ ಭುಜಕ್ಕೆ ಭುಜ ತಾಗಿಸಿ ಕೂರುತ್ತಾರೆ. ಯಾರ ಮರ್ಯಾದೆಗೂ ಧಕ್ಕೆ ಇಲ್ಲ.

ಸಾಯಿಸುತೆಯವರ ಕಾದಂಬರಿಗಳು ನನಗೆ ರುಚಿಸುವುದಿಲ್ಲ. ಆ ನಾಯಕಿಯರ ತಾಳ್ಮೆ ನನ್ನ ತಾಳ್ಮೆಯನ್ನು ಕೆಡಿಸುತ್ತದೆ. ಆದರೆ ನೂರಕ್ಕೂ ಹೆಚ್ಚು ಕಾದಂಬರಿ ಬರೆದು, ಬೇರೆ ಯಾರ ಪುಸ್ತಕವನ್ನೂ ಮುಟ್ಟದ ಸಾವಿರಾರು ಮನೆಗಳಲ್ಲಿ ಕನ್ನಡ ಓದಿಸಿದವರನ್ನು ಬಿಟ್ಟು ಪ್ರೇಮಕಾದಂಬರಿಯ ಪಟ್ಟಿ ಮಾಡುವುದು ಹುಡುಗಾಟ. ಅವರದೂ ಒಂದು ಇರಲಿ; ಯಾವುದೆಂದು ಅವರ ಓದುಗರೇ ಹೇಳಲಿ, ನಾನಲ್ಲ.

ಇಷ್ಟಕ್ಕೂ ಪ್ರೇಮದ ಬಗ್ಗೆ ಈ ನಾಚಿಕೆ ನಮಗೆ ಎಲ್ಲಿಂದ ಅಂಟಿತು? ಹಳಗನ್ನಡದವರಿಗೆ ಇರಲಿಲ್ಲ. ನೇಮಿಚಂದ್ರನ 'ಲೀಲಾವತಿ'ಯಲ್ಲಿ ಕಂದರ್ಪದೇವ ಮತ್ತು ಲೀಲಾವತಿ ಒಬ್ಬರನ್ನೊಬ್ಬರು ಕನಸಿನಲ್ಲಿ ಕಂಡು ಮೋಹಿಸುತ್ತಾರೆ, ಅದೇ ಇಡೀ ಕಾವ್ಯದ ಬಂಡವಾಳ. ಅದಕ್ಕಾಗಿ ಯಾರೂ ಅವನನ್ನು ಹಗುರ ಕವಿ ಎನ್ನಲಿಲ್ಲ. ಜನ್ನನ ಅಮೃತಮತಿ ಮಾವುತನ ಹಾಡಿಗೆ ಮನಸೋತದ್ದನ್ನು ಇಂದಿಗೂ ತರಗತಿಗಳಲ್ಲಿ ಗಂಭೀರವಾಗಿ ಚರ್ಚಿಸುತ್ತೇವೆ. ಅ.ನ.ಕೃ. 'ನಗ್ನಸತ್ಯ' ಬರೆದಾಗ ಅಶ್ಲೀಲವೆಂಬ ಗಲಾಟೆ ಎದ್ದಿತು, ಅವರು 'ಸಾಹಿತ್ಯ ಮತ್ತು ಕಾಮಪ್ರಚೋದನೆ' ಬರೆದು ಎದುರು ನಿಂತರು. ಜಗಳವಾದರೂ ಆಗ ನೇರವಾಗಿತ್ತು. ನವ್ಯ ಬಂದ ಮೇಲೆ ಕಾಮಕ್ಕೆ ಮಾನ್ಯತೆ ಸಿಕ್ಕಿತು, ಪ್ರೀತಿಗೆ ಹೋಯಿತು. 'ಸಂಸ್ಕಾರ'ದ ಪ್ರಾಣೇಶಾಚಾರ್ಯ ಚಂದ್ರಿಯನ್ನು ಕೂಡಿದರೆ ಅದು ತಾತ್ವಿಕ ಬಿಕ್ಕಟ್ಟು. ಹುಡುಗಿಯೊಬ್ಬಳು ಪತ್ರಕ್ಕಾಗಿ ಕಾದರೆ ಅದು ಭಾವುಕತೆ. ಅಳುವ ಓದುಗರನ್ನು ಕಂಡರೆ ಮುಜುಗರಪಡುವುದೇ ಒಳ್ಳೆಯ ಅಭಿರುಚಿ ಎಂದು ಒಂದು ತಲೆಮಾರಿನ ಅಧ್ಯಾಪಕರು ಕಲಿಸಿದರು. ಅವರ ಶಿಷ್ಯರು ಈಗ ಪಟ್ಟಿ ಮಾಡುತ್ತಿದ್ದಾರೆ.

ಇದರ ಫಲ ಕಣ್ಣೆದುರಿಗಿದೆ. ಬೆಂಗಳೂರಿನ ಮೆಟ್ರೊದಲ್ಲಿ ಇಂಗ್ಲಿಷ್ ಪ್ರೇಮಕಾದಂಬರಿಯನ್ನು ರಟ್ಟು ಮುಚ್ಚದೆ ಓದುವ ಹುಡುಗಿ, ಕನ್ನಡದಲ್ಲಿ ಇಂಥದ್ದು ಏನಿದೆ ಅಂತ ಕೇಳಿದರೆ ನಾವು ಅವಳ ಕೈಗೆ 'ಸಂಸ್ಕಾರ' ಕೊಡುತ್ತೇವೆ. ದೊಡ್ಡ ಪುಸ್ತಕ, ಅವಳ ಪ್ರಶ್ನೆಗೆ ಮಾತ್ರ ಉತ್ತರವಲ್ಲ. ನಾನಾದರೆ 'ಬೆಳ್ಳಿ ಮೋಡ' ಕೊಡುತ್ತೇನೆ, ಆಮೇಲೆ 'ಎರಡು ಕನಸು', ಅದರ ಬೆನ್ನಿಗೇ 'ವಂಶವೃಕ್ಷ'. 'ಮದುಮಗಳು' ಸ್ವಲ್ಪ ತಡೆದು. ಮಲೆನಾಡಿನ ಮಾತಿಗೆ ಕಿವಿ ಪಳಗಬೇಕು. ಭೈರಪ್ಪನವರನ್ನು ವಾಣಿಯವರ ಪಕ್ಕದಲ್ಲಿ ಕೂರಿಸಿದ್ದಕ್ಕೆ ಅವರ ಅಭಿಮಾನಿಗಳು ಜಗಳಕ್ಕೆ ಬರುತ್ತಾರೆ. ಬರಲಿ. ಅವರಲ್ಲಿ ಹೆಚ್ಚಿನವರು 'ಎರಡು ಕನಸು' ಓದಿಲ್ಲ, ಸಿನಿಮಾ ನೋಡಿದ್ದಾರೆ.